ಸುಳಿ ಮುರಿದ ತೆಂಗು, ಹೆಸರಿಲ್ಲದ ಗಾಳಿ

ತೆಂಗಿನ ಮರದ ನೆತ್ತಿಯಲ್ಲಿ ಇನ್ನೂ ಬಿಚ್ಚದೆ ನಿಂತ ಎಳೆಗರಿಗೆ ಸುಳಿ ಎನ್ನುತ್ತಾರೆ. ನೀರು ಸುತ್ತಿದರೂ ಸುಳಿ, ಗಾಳಿ ಸುತ್ತಿದರೂ ಸುಳಿ. ಅರಸೀಕೆರೆ ತಾಲ್ಲೂಕಿನ ಬಾಣಾವರ ಸೀಮೆಯಲ್ಲಿ ಪ್ರತಿ ಬೇಸಿಗೆಯ ಕೊನೆಗೆ ಮರದ ಸುಳಿಗೂ ಗಾಳಿಯ ಸುಳಿಗೂ ಮುಖಾಮುಖಿ ನಡೆಯುತ್ತದೆ. ಗೆಲ್ಲುವುದು ಯಾವುದೆಂದು ಕೆರೆಯ ಹಿಂದಿನ ತೋಟಗಳಲ್ಲಿ ಅಡ್ಡಬಿದ್ದ ಮರಗಳೇ ಹೇಳುತ್ತವೆ.

ಅಶ್ವಿನಿ, ಭರಣಿ, ಕೃತ್ತಿಕೆ ಮಳೆಗಳ ಕಾಲವದು. ಏಪ್ರಿಲ್ ನಡುವಿನಿಂದ ಮೇ ಕೊನೆಯ ವಾರದವರೆಗೆ, ಮುಂಗಾರು ಇನ್ನೂ ಕಾಲಿಡುವ ಮೊದಲು, ಮಧ್ಯಾಹ್ನದ ಉರಿಬಿಸಿಲಿನ ಬೆನ್ನಿಗೆ ಮೋಡ ಕಪ್ಪಿಡುತ್ತದೆ. ಮೊದಲು ತಣ್ಣನೆಯ ಗಾಳಿ, ಅದರ ಹಿಂದೆ ಧೂಳು, ಅದರ ಹಿಂದೆ ಗುಡುಗು ಮಳೆ, ಒಮ್ಮೊಮ್ಮೆ ಆಲಿಕಲ್ಲು. ಗಾಳಿಯ ಅಬ್ಬರ ಐದು ಹತ್ತು ನಿಮಿಷ ಮೀರುವುದಿಲ್ಲ. ಅಷ್ಟರಲ್ಲಿ ಒಂದು ತೋಟದ ಹತ್ತು ಮರ ಮಲಗಿರುತ್ತವೆ. ಪಕ್ಕದ ತೋಟದಲ್ಲಿ ಒಂದು ಗರಿಯೂ ಉದುರಿರುವುದಿಲ್ಲ. ಮರುದಿನದ ಪತ್ರಿಕೆಯಲ್ಲಿ ಸುದ್ದಿ ಬರುವುದು ಸಾಮಾನ್ಯವಾಗಿ ಒಂದೇ ತಲೆಬರಹದಡಿ: ಸುಂಟರಗಾಳಿಗೆ ತೆಂಗು ನೆಲಸಮ.

ಆದರೆ ಅದು ಸುಂಟರಗಾಳಿಯೇ ಹೌದೆ? ಪ್ರಶ್ನೆ ಕೇವಲ ನಿಘಂಟಿನದಲ್ಲ. ಗಾಳಿಗೆ ಯಾವ ಹೆಸರು ಬೀಳುತ್ತದೆ ಎಂಬುದರ ಮೇಲೆ ಬೆಳೆಗಾರನ ಕೈಗೆ ಬರುವ ಪರಿಹಾರವೂ ನಿಂತಿದೆ. ಅದಕ್ಕೆ ಆಮೇಲೆ ಬರೋಣ.

ಹಳ್ಳಿಯ ಕನ್ನಡಕ್ಕೆ ಗಾಳಿಯ ಭೇದ ಚೆನ್ನಾಗಿಯೇ ಗೊತ್ತು. ಮಾರ್ಚ್ ತಿಂಗಳ ಬರಿಹೊಲದಲ್ಲಿ ತರಗೆಲೆ, ಧೂಳು ಎತ್ತಿಕೊಂಡು ಬುಗುರಿಯಂತೆ ಸುತ್ತುವುದು ಸುಂಟರಗಾಳಿ ಅಥವಾ ಸುಳಿಗಾಳಿ. ಕೆಲವು ಕಡೆ ದೆವ್ವದ ಗಾಳಿ. ಇದಕ್ಕೆ ಮೋಡವೇ ಬೇಕಿಲ್ಲ. ಕಾದ ನೆಲದಿಂದ ಮೇಲೇಳುವ ಇದು ಒಣಹುಲ್ಲು ಹಾರಿಸಬಲ್ಲುದು, ತೆಂಗು ಉರುಳಿಸಲಾರದು. ಮಳೆಯ ಜೊತೆ ಬೀಸುವುದು ಬಿರುಗಾಳಿ. ಆಷಾಢದಲ್ಲಿ ದಿನಗಟ್ಟಲೆ ಒಂದೇ ಸಮನೆ ಬೀಸುವ ಪಡುವಣ ಗಾಳಿಯೇ ಬೇರೆ. ಸಮುದ್ರದಲ್ಲಿ ಹುಟ್ಟಿ ನೂರಾರು ಮೈಲಿ ಹರಡುವುದು ಚಂಡಮಾರುತ. 'ಸೈಕ್ಲೋನ್' ಎಂಬ ಇಂಗ್ಲಿಷ್ ಹೆಸರನ್ನು 1848ರಲ್ಲಿ ಕಟ್ಟಿದವನು ಕಲ್ಕತ್ತೆಯಲ್ಲಿದ್ದ ಹೆನ್ರಿ ಪಿಡಿಂಗ್ಟನ್. ಇನ್ನು ಗುಡುಗುಮೋಡದ ಹೊಟ್ಟೆಯಿಂದ ಆನೆಯ ಸೊಂಡಿಲಿನಂತೆ ನೆಲಕ್ಕಿಳಿದು ಸುತ್ತುವುದು ಟಾರ್ನೆಡೊ. ಕನ್ನಡದಲ್ಲಿ ಇದಕ್ಕೂ ಸುಂಟರಗಾಳಿ ಎಂದೇ ಬರೆಯುತ್ತಾ ಬಂದಿರುವುದರಿಂದ ಗೊಂದಲ ಶುರುವಾಗಿದೆ.

ಟಾರ್ನೆಡೊ ಭಾರತಕ್ಕೆ ಹೊಸದಲ್ಲ. 1978ರ ಮಾರ್ಚ್ 17ರ ಸಂಜೆ ಉತ್ತರ ದೆಹಲಿಯ ವಿಶ್ವವಿದ್ಯಾನಿಲಯದ ಆವರಣವನ್ನು ಹಾದುಹೋದ ಟಾರ್ನೆಡೊ 28 ಮಂದಿಯನ್ನು ಬಲಿತೆಗೆದುಕೊಂಡಿತು. ಬಾಂಗ್ಲಾದೇಶದ ಸಾಟೂರಿಯಾದಲ್ಲಿ 1989ರ ಏಪ್ರಿಲ್ 26ರಂದು ಸತ್ತವರು ಸುಮಾರು 1,300. ತೀರ ಈಚೆಗೆ, 2024ರ ಮಾರ್ಚ್ 31ರಂದು ಪಶ್ಚಿಮ ಬಂಗಾಳದ ಜಲಪಾಯಿಗುರಿ ಜಿಲ್ಲೆಗೆ ಒಂದು ಅಪ್ಪಳಿಸಿತು. ನಕ್ಷೆಯಲ್ಲಿ ಗುರುತು ಹಾಕಿದರೆ ಹೆಚ್ಚಿನವು ಗಂಗಾ ಬಯಲು, ಬಂಗಾಳ, ಒಡಿಶಾ ಭಾಗದಲ್ಲೇ ಬೀಳುತ್ತವೆ. ಟಾರ್ನೆಡೊ ಹುಟ್ಟಬೇಕಾದರೆ ನೆಲದ ಹತ್ತಿರದ ಗಾಳಿಗೂ ಎತ್ತರದ ಗಾಳಿಗೂ ದಿಕ್ಕಿನಲ್ಲಿ, ವೇಗದಲ್ಲಿ ಭಾರಿ ಅಂತರವಿರಬೇಕು. ಆಗಲೇ ಮೋಡ ತಿರುಗಲು ತೊಡಗುವುದು. ಬೇಸಿಗೆಯ ಆರಂಭದಲ್ಲಿ ಉತ್ತರ ಭಾರತದ ನೆತ್ತಿಯ ಮೇಲೆ ಹಾಯುವ ಬಿರುಸಾದ ಪಶ್ಚಿಮದ ಗಾಳಿ ಈ ಅಂತರವನ್ನು ಒದಗಿಸುತ್ತದೆ. ಕರ್ನಾಟಕದ ಒಳನಾಡಿನ ಮೇಲೆ ಆ ಕಾಲದಲ್ಲಿ ಅಂಥ ಗಾಳಿ ದುರ್ಬಲ. ಆದ್ದರಿಂದ ನಿಜವಾದ ಟಾರ್ನೆಡೊ ಇಲ್ಲಿ ಬಲು ಅಪರೂಪ.

ಹಾಗಿದ್ದರೆ ಬಾಣಾವರದ ತೆಂಗನ್ನು ಉರುಳಿಸುವುದು ಯಾವುದು? ಉತ್ತರ ಸಿಕ್ಕಿದ್ದು ಒಬ್ಬ ಜಪಾನಿ ವಿಜ್ಞಾನಿಗೆ. ಅದೂ ಬಿದ್ದ ಮರಗಳನ್ನು ಓದುವುದರ ಮೂಲಕ.

ಟೆಟ್ಸುಯ ಫುಜಿಟಾ ಹುಟ್ಟಿದ್ದು 1920ರಲ್ಲಿ, ಜಪಾನಿನ ಕ್ಯೂಶೂ ದ್ವೀಪದಲ್ಲಿ. 1945ರ ಆಗಸ್ಟ್‌ನಲ್ಲಿ ಅವರು ಕೊಕುರಾ ನಗರದ ಸಮೀಪದ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದರು. ಎರಡನೆಯ ಅಣುಬಾಂಬಿನ ಮೊದಲ ಗುರಿ ಕೊಕುರಾ ಆಗಿತ್ತು. ಆ ದಿನ ನಗರ ಸರಿಯಾಗಿ ಕಾಣದ್ದರಿಂದ ವಿಮಾನ ನಾಗಾಸಾಕಿಯತ್ತ ತಿರುಗಿತು. ಕೆಲವು ವಾರಗಳ ನಂತರ ಫುಜಿಟಾ ನಾಗಾಸಾಕಿ, ಹಿರೋಷಿಮಾಗಳಿಗೆ ಹೋಗಿ ಹಾನಿಯ ಅಳತೆ ಮಾಡಿದರು. ಸ್ಫೋಟದ ಬಿಂದುವಿನಿಂದ ಹೊರಕ್ಕೆ, ಚಕ್ರದ ಅರೆಕಾಲುಗಳಂತೆ, ಸುತ್ತಲೂ ಮರಗಳು ಮಲಗಿದ್ದನ್ನು ಅವರು ಕಂಡರು. ಮೇಲಿನಿಂದ ಬಂದ ಹೊಡೆತ ನೆಲಕ್ಕೆ ಬಡಿದು ಹರಡಿದರೆ ಉಳಿಯುವ ಗುರುತು ಅದು.

ಮುಂದೆ ಅಮೆರಿಕದ ಷಿಕಾಗೊ ವಿಶ್ವವಿದ್ಯಾನಿಲಯ ಸೇರಿದ ಫುಜಿಟಾ ಟಾರ್ನೆಡೊಗಳ ತಜ್ಞರೆನಿಸಿದರು. ಟಾರ್ನೆಡೊದ ಬಲ ಅಳೆಯಲು 1971ರಲ್ಲಿ ಅವರು ರೂಪಿಸಿದ ಮಾಪಕಕ್ಕೆ ಅವರದೇ ಹೆಸರಿದೆ. 1974ರ ಏಪ್ರಿಲ್‌ನಲ್ಲಿ ಎರಡು ದಿನಗಳಲ್ಲಿ ಅಮೆರಿಕದಲ್ಲಿ ಸುಮಾರು ನೂರೈವತ್ತು ಟಾರ್ನೆಡೊಗಳು ಎದ್ದವು. ಅವುಗಳ ಜಾಡನ್ನು ವಿಮಾನದಿಂದ ನೋಡುತ್ತಿದ್ದಾಗ ವೆಸ್ಟ್ ವರ್ಜೀನಿಯದ ಕಾಡಿನಲ್ಲಿ ಅವರಿಗೆ ಬೇರೆಯೇ ಚಿತ್ರ ಕಂಡಿತು. ಟಾರ್ನೆಡೊ ಹಾದ ದಾರಿಯಲ್ಲಿ ಮರಗಳು ಒಂದರ ಮೇಲೊಂದು, ಒಳಮುಖವಾಗಿ, ಸುತ್ತು ಹಾಕಿದಂತೆ ಬೀಳುತ್ತವೆ. ಇಲ್ಲಿ ಮಾತ್ರ ನಡುವಿನಿಂದ ಹೊರಕ್ಕೆ ನಕ್ಷತ್ರದಂತೆ ಬಿದ್ದಿದ್ದವು. ಇಪ್ಪತ್ತೊಂಬತ್ತು ವರ್ಷಗಳ ಹಿಂದಿನ ನಾಗಾಸಾಕಿ ಅವರಿಗೆ ನೆನಪಾಯಿತು.

ಮರುವರ್ಷ, 1975ರ ಜೂನ್ 24ರಂದು, ನ್ಯೂಯಾರ್ಕಿನಲ್ಲಿ ಇಳಿಯುತ್ತಿದ್ದ ಪ್ರಯಾಣಿಕ ವಿಮಾನವೊಂದು ಗುಡುಗು ಮಳೆಯ ನಡುವೆ ನೆಲಕ್ಕಪ್ಪಳಿಸಿ ನೂರಕ್ಕೂ ಹೆಚ್ಚು ಜನ ಸತ್ತರು. ತನಿಖೆಯಲ್ಲಿ ತೊಡಗಿದ ಫುಜಿಟಾ ಅದೇ ಉತ್ತರ ಕೊಟ್ಟರು: ಮೋಡದಿಂದ ಗಾಳಿಯ ರಾಶಿಯೊಂದು ನೇರ ಕೆಳಕ್ಕೆ ಬಿದ್ದು, ನೆಲಕ್ಕೆ ಬಡಿದು, ನಾಲ್ಕೂ ಕಡೆಗೆ ಚೆಲ್ಲಿದೆ. ಇದಕ್ಕೆ ಅವರಿಟ್ಟ ಹೆಸರು ಡೌನ್‌ಬರ್ಸ್ಟ್. ಕನ್ನಡದಲ್ಲಿ ಸರಿಯಾದ ಪದ ನಿಂತಿಲ್ಲವಾದ್ದರಿಂದ ಸದ್ಯಕ್ಕೆ ಬೀಳುಗಾಳಿ ಎನ್ನಬಹುದು. ಅನೇಕ ಹವಾಮಾನ ವಿಜ್ಞಾನಿಗಳು ಮೊದಲು ನಂಬಲಿಲ್ಲ. 1978 ಮತ್ತು 1982ರಲ್ಲಿ ಡಾಪ್ಲರ್ ರಾಡಾರ್ ಬಳಸಿ ನಡೆಸಿದ ಪ್ರಯೋಗಗಳಲ್ಲಿ ಬೀಳುಗಾಳಿಗಳು ಕಣ್ಣಿಗೆ ಬಿದ್ದ ಮೇಲೆ ವಾದ ತಣ್ಣಗಾಯಿತು.

ಮರ, ಕೆರೆ, ಗಾಳಿ ಮೂರೂ ಸೇರಿದ ಅತಿ ದೊಡ್ಡ ಪಾಠ ನಡೆದದ್ದು 1977ರ ಜುಲೈ 4ರಂದು, ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಉತ್ತರ ಭಾಗದಲ್ಲಿ. ಅದು ಸರೋವರಗಳೂ ಕಾಡೂ ಹೆಣೆದುಕೊಂಡ ಸೀಮೆ. ಒಂದೇ ಮಧ್ಯಾಹ್ನ ಸುಮಾರು ಎಂಟೂವರೆ ಲಕ್ಷ ಎಕರೆ ಕಾಡಿಗೆ ಹಾನಿಯಾಯಿತು. ಫುಜಿಟಾ ಆಕಾಶದಿಂದ ಚಿತ್ರ ತೆಗೆದು ನೋಡಿದಾಗ ಕಂಡದ್ದು ಒಂದು ಬಿರುಗಾಳಿಯಲ್ಲ, ಸಾಲಾಗಿ ಬಿದ್ದ ಹಲವು ಬೀಳುಗಾಳಿಗಳು. 1999ರಲ್ಲಿ, ಅದೂ ಜುಲೈ 4ರಂದೇ, ಪಕ್ಕದ ಮಿನ್ನೆಸೋಟಾದ ಸರೋವರ ಕಾಡಿನಲ್ಲಿ ಇದೇ ಬಗೆಯ ಗಾಳಿ ಲಕ್ಷಾಂತರ ಮರಗಳನ್ನು ಕೆಡವಿತು. ಎರಡು ಕಡೆಯೂ ಸಾಮಾನ್ಯ ಜನ ಮೊದಲು ಹೇಳಿದ್ದು ಟಾರ್ನೆಡೊ ಎಂದೇ.

ನಮ್ಮ ನೆರೆಯಲ್ಲೂ ಇಂಥ ಒಂದು ದಿನ ಬಂತು. 2024ರ ಆಗಸ್ಟ್ 31ರಂದು ತೆಲಂಗಾಣದ ಮುಲುಗು ಜಿಲ್ಲೆಯಲ್ಲಿ, ತಾಡ್ವಾಯಿ ಮತ್ತು ಮೇಡಾರಂ ನಡುವಿನ ಏಟೂರುನಾಗಾರಂ ಅಭಯಾರಣ್ಯದಲ್ಲಿ, ಐವತ್ತು ಸಾವಿರಕ್ಕೂ ಹೆಚ್ಚು ಮರಗಳು ಉರುಳಿದವು. ಟಾರ್ನೆಡೊ ಎಂದರು, ಮೇಘಸ್ಫೋಟ ಎಂದರು, ಬೀಳುಗಾಳಿ ಎಂದರು. ಬೇರು ಆಳಕ್ಕಿಳಿಯದ ಮಣ್ಣೂ ಒಂದು ಕಾರಣವೆಂಬ ಮಾತು ಬಂತು. (ಮೂರು ತಿಂಗಳ ಬಳಿಕ ಅದೇ ಜಿಲ್ಲೆಯಲ್ಲಿ ಭೂಮಿ ಕಂಪಿಸಿದಾಗ ಎರಡಕ್ಕೂ ನಂಟು ಕಟ್ಟಿದವರೂ ಇದ್ದರು; ಅದಕ್ಕೆ ಆಧಾರವಿಲ್ಲ.) ಮುಲುಗು ಕೂಡ ಕೆರೆಗಳ ನಾಡು. ಕಾಕತೀಯರ ಕಾಲದ ಲಕ್ನವರಂ ಕೆರೆ, ರಾಮಪ್ಪ ಕೆರೆ ಅಲ್ಲಿಯವು. ರಾಮಪ್ಪ ದೇವಾಲಯದ ಕಾಲ 1213. ಅರಸೀಕೆರೆಯ ಹೊಯ್ಸಳ ಶಿವಾಲಯ 1220ರದು. ಒಂದೇ ದಶಕದಲ್ಲಿ ಎರಡು ರಾಜ್ಯಗಳಲ್ಲಿ ಗುಡಿ ಎದ್ದವು. ಗುಡಿಯ ಜೊತೆಗೆ ಕೆರೆಯನ್ನೂ ಕಟ್ಟುವುದು ಎರಡೂ ಕಡೆಯ ಪದ್ಧತಿಯಾಗಿತ್ತು.

ಇಲ್ಲಿಂದ ಮತ್ತೆ ಬಾಣಾವರಕ್ಕೆ ಬರಬಹುದು. ಏಕೆಂದರೆ ಗಾಳಿಯ ಕಥೆ ಅರ್ಧ ಮಾತ್ರ. ಗಾಳಿಗೆ ಎದುರಾಗುವ ಮರ ಅಲ್ಲಿಗೆ ಹೇಗೆ ಬಂತು, ಯಾವ ನೆಲದಲ್ಲಿ ನಿಂತಿದೆ ಎಂಬುದು ಉಳಿದರ್ಧ.

ಹಾಸನ ಜಿಲ್ಲೆಯ ಪಶ್ಚಿಮದ ಸಕಲೇಶಪುರದಲ್ಲಿ ವರ್ಷಕ್ಕೆ 2,000 ಮಿಲಿಮೀಟರಿಗೂ ಮೀರಿ ಮಳೆ ಬಿದ್ದರೆ ಪೂರ್ವದ ಅರಸೀಕೆರೆಯಲ್ಲಿ 700ರ ಆಸುಪಾಸು. ಈ ಒಣ ಸೀಮೆಯನ್ನು ತೋಟದ ಸೀಮೆ ಮಾಡಿದ್ದು ಕೆರೆಗಳು. ಅರಸಿಯ ಕೆರೆ ಎಂಬುದೇ ತಾಲ್ಲೂಕಿನ ಹೆಸರು. ಹಾರನಹಳ್ಳಿ, ಜಾವಗಲ್ಲು, ಕಣಕಟ್ಟೆ, ಗಂಡಸಿ, ಬಾಣಾವರ, ಎಲ್ಲಿ ಹೋದರೂ ಊರಿಗೊಂದು ಏರಿ, ಏರಿಯ ಹಿಂದೆ ತೂಬಿನ ನೀರು ಹರಿಯುವ ಗದ್ದೆ ತೋಟ. ಸ್ವಲ್ಪ ಪಶ್ಚಿಮಕ್ಕೆ ಹೊಯ್ಸಳರ ರಾಜಧಾನಿ ದೋರಸಮುದ್ರ. ಅದೂ ಕೆರೆಯ ಹೆಸರೇ. ಶಾಸನಗಳಲ್ಲಿ ದಾನ ಕೊಟ್ಟ ಭೂಮಿಯ ಪಟ್ಟಿ ಬಂದಾಗ ಗದ್ದೆ, ಬೆದ್ದಲೆಗಳ ಜೊತೆ ತೋಂಟವೂ ಬರುತ್ತದೆ. ಕೆರೆ ಕಟ್ಟಿದವರಿಗೆ, ಕೆಟ್ಟದ್ದನ್ನು ರಿಪೇರಿ ಮಾಡಿದವರಿಗೆ ಕಟ್ಟುಕೊಡಗೆ ಎಂಬ ಮಾನ್ಯ. ನೀರು ಬಿಡಲು ನೀರುಗಂಟಿ. ಈ ವ್ಯವಸ್ಥೆಯೊಳಗೆ ತೆಂಗಿಗೆ ಇದ್ದ ಜಾಗ ಸಣ್ಣದು, ಗಟ್ಟಿಯಾದದ್ದು: ಏರಿಯ ಹಿಂದಿನ ಹೂಳುಮಣ್ಣು, ಹಳ್ಳದ ದಂಡೆ, ಮನೆಯ ಹಿತ್ತಲು.

ಪಂಪ್‌ಸೆಟ್ಟು, ಆಮೇಲೆ ಕೊಳವೆ ಬಾವಿ ಬಂದ ನಂತರ ಇದು ಬದಲಾಯಿತು. ರಾಗಿ, ಹುರುಳಿ ಬೆಳೆಯುತ್ತಿದ್ದ ಎತ್ತರದ ಹೊಲಗಳಿಗೂ ತೆಂಗು ಏರಿತು. ತಿಪಟೂರಿನ ಕೊಬ್ಬರಿ ಪೇಟೆ ಹತ್ತಿರದಲ್ಲೇ ಇತ್ತು. ಕೂಲಿಯಾಳು ಕಡಿಮೆ ಸಾಕು. ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಇಟ್ಟ ಕಾಯಿ ತಾನಾಗಿ ಉಂಡೆ ಕೊಬ್ಬರಿಯಾಗಿ ಬ್ಯಾಂಕಿನ ಠೇವಣಿಯಂತೆ ಕಷ್ಟಕ್ಕೆ ಒದಗುತ್ತಿತ್ತು. ಇದರಲ್ಲಿ ಬೆಳೆಗಾರನ ತಪ್ಪು ಹುಡುಕುವುದು ಸರಿಯಲ್ಲ. ಆದರೆ ಮರ ನಿಂತ ನೆಲ ಬದಲಾಯಿತು, ಅದರೊಂದಿಗೆ ಗಾಳಿಯ ಮುಂದೆ ಅದರ ಬಲವೂ ಬದಲಾಯಿತು.

ತೆಂಗು ಗಾಳಿಗೆ ಹುಟ್ಟಿದ ಮರ. ಸಮುದ್ರ ದಂಡೆ ಅದರ ತವರು. ತಾಯಿಬೇರು ಇಲ್ಲ, ಬುಡದ ಗಡ್ಡೆಯಿಂದ ಸಾವಿರಾರು ಸಣ್ಣ ಬೇರುಗಳು ಹಗ್ಗದ ಎಳೆಗಳಂತೆ ಸುತ್ತಲೂ ಹರಡುತ್ತವೆ. ಕಾಂಡ ನಾರಿನದು, ಬಗ್ಗುತ್ತದೆ. ಗರಿ ಸೀಳಿಕೊಂಡು ಗಾಳಿಗೆ ದಾರಿ ಬಿಡುತ್ತದೆ. ಹೊಂಗೆ, ಮಾವು ಕೊಂಬೆ ಮುರಿದುಕೊಂಡು ಮತ್ತೆ ಚಿಗುರುತ್ತವೆ, ತೆಂಗಿಗೆ ಕೊಂಬೆಯಿಲ್ಲ. ಅದರ ಜೀವವೆಲ್ಲ ನೆತ್ತಿಯ ಒಂದೇ ಮೊಳಕೆಯಲ್ಲಿದೆ. ಬಗ್ಗಿದ ತೆಂಗು ಬದುಕುತ್ತದೆ, ಸುಳಿ ಮುರಿದ ತೆಂಗು ಬದುಕುವುದಿಲ್ಲ. ಗಾಳಿ ನಿಂತು ವಾರಗಳಾದ ಮೇಲೆ, ನಿಂತೇ ಇದ್ದ ಮರವೊಂದರ ಎಳೆಗರಿ ಕಂದಿ ಜೋತುಬಿದ್ದಾಗಲೇ ಆ ನಷ್ಟ ಗೊತ್ತಾಗುವುದು.

ಕೆರೆಯ ಹಿಂದಿನ ತೋಟ ಮತ್ತು ಎತ್ತರದ ಹೊಲದ ತೋಟ ಬೀಳುವ ರೀತಿಯೂ ಬೇರೆ. ಕೆರೆ ತುಂಬಿದ ವರ್ಷ ಏರಿಯ ಹಿಂದೆ ಜಿನುಗು ನೀರು ಮೇಲಕ್ಕೇ ಇರುತ್ತದೆ. ನೀರು ನಿಂತ ಮಣ್ಣಿನ ಕೆಳಕ್ಕೆ ಬೇರು ಇಳಿಯದು. ಮಳೆಗೆ ಮಣ್ಣು ಸಡಿಲವಾದಾಗ ಮರ ಬುಡಮೇಲಾಗುತ್ತದೆ. ಮೇಲಾಗಿ ಕೆರೆಯಂಗಳ ಬಟಾಬಯಲು. ಅದರ ಮೇಲೆ ಅಡ್ಡಿಯಿಲ್ಲದೆ ಬಂದ ಗಾಳಿ ಮೊದಲು ಎದುರಾಗುವುದೇ ದಂಡೆಯ ಮರಗಳಿಗೆ. ಎತ್ತರದ ಹೊಲದಲ್ಲಿ ಕಾಯಿಲೆ ಬೇರೆ. ಹನಿ ನೀರಾವರಿಯ ನೀರು ಬುಡದ ಸುತ್ತ ಒಂದೆರಡು ಮೊಳ ಜಾಗವನ್ನು ಮಾತ್ರ ತೋಯಿಸುತ್ತದೆ. ಬೇರು ಅಲ್ಲೇ ಗುಂಪು ಕಟ್ಟುತ್ತದೆ. ಬರಗಾಲ ಬಂದು ಕೊಳವೆ ಬಾವಿ ಒಣಗಿದರೆ ಆ ಬೇರೂ ಸಾಯುತ್ತದೆ. ಕಳೆದ ದಶಕದ ಮೊದಲ ಅರ್ಧದ ಬರಗಳಲ್ಲಿ ಅರಸೀಕೆರೆ, ತಿಪಟೂರು, ಕಡೂರು ಭಾಗದ ತೋಟಗಳು ಕಂಡದ್ದು ಇದನ್ನೇ. ಬಳಲಿದ ಮರಕ್ಕೆ ಅಣಬೆ ರೋಗ ಹತ್ತುತ್ತದೆ. ಬೇರು, ಬುಡ ಒಳಗಿನಿಂದ ಕೊಳೆತು ಹೊರಗೆ ಕಂದು ರಸ ಸೋರುತ್ತದೆ. ಕೆಂಪು ಮೂತಿ ಹುಳು ಕಾಂಡವನ್ನು ಟೊಳ್ಳು ಮಾಡುತ್ತದೆ. ಇಂಥ ಮರ ಬೀಳಲು ದೊಡ್ಡ ಗಾಳಿಯೇನೂ ಬೇಡ. ಬಿದ್ದ ಮರಗಳನ್ನೆಲ್ಲ ಗಾಳಿಯ ಲೆಕ್ಕಕ್ಕೇ ಬರೆದರೆ ಕೆರೆ ಬತ್ತಿದ ಕಥೆ, ಬಾವಿ ಬತ್ತಿದ ಕಥೆ ಮರೆಗೆ ಸರಿಯುತ್ತವೆ.

ಬೇಸಿಗೆಯ ಕೊನೆಗೇ ಬೀಳುಗಾಳಿ ಏಕೆ ಎಂಬುದಕ್ಕೂ ಕಾರಣವಿದೆ. ಏಪ್ರಿಲ್, ಮೇ ತಿಂಗಳಲ್ಲಿ ಸಮುದ್ರದ ಕಡೆಯ ತೇವದ ಗಾಳಿಯೂ ಒಳನಾಡಿನ ಒಣಗಾಳಿಯೂ ದಕ್ಷಿಣದ ಪ್ರಸ್ಥಭೂಮಿಯ ಮೇಲೆ ಎದುರಾಗುತ್ತವೆ. ಆ ಸಾಲಿನಲ್ಲಿ ಗುಡುಗುಮೋಡ ಎತ್ತರಕ್ಕೆ ಬೆಳೆಯುತ್ತದೆ. ಮೋಡದಿಂದ ಬೀಳುವ ಹನಿ, ಆಲಿಕಲ್ಲು ಗಾಳಿಯನ್ನು ತಮ್ಮೊಂದಿಗೆ ಕೆಳಕ್ಕೆಳೆಯುತ್ತವೆ. ಮೋಡದ ಕೆಳಗಿನ ಗಾಳಿ ಒಣಗಿರುವುದರಿಂದ ಹನಿಗಳು ದಾರಿಯಲ್ಲೇ ಆವಿಯಾಗುತ್ತವೆ. ಮಣ್ಣಿನ ಹೂಜಿಯ ನೀರು ತಣ್ಣಗಾಗುವ ಹಾಗೆ ಆ ಗಾಳಿ ತಣ್ಣಗಾಗಿ, ಭಾರವಾಗಿ, ಇನ್ನೂ ಜೋರಾಗಿ ಬೀಳುತ್ತದೆ. ಮಳೆಗೆ ಮೊದಲು ಮೈಗೆ ತಾಗುವ ತಂಗಾಳಿ ಇದರದೇ ಅಂಚು. ಸಣ್ಣ ಬೀಳುಗಾಳಿಯ ಅಗಲ ನಾಲ್ಕು ಕಿಲೋಮೀಟರಿಗಿಂತ ಕಡಿಮೆ, ಆಯುಷ್ಯ ಕೆಲವೇ ನಿಮಿಷ. ಒಂದು ತೋಟ ಬಿದ್ದು ಇನ್ನೊಂದು ಉಳಿಯುವುದರ ಗುಟ್ಟು ಇಷ್ಟೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಹೋಬಳಿ ಮಟ್ಟದಲ್ಲಿ ಹವಾಮಾನ ಮಾಪಕಗಳನ್ನು ಇಟ್ಟಿದೆ. ಆದರೂ ಎರಡು ಮಾಪಕಗಳ ನಡುವಿನ ತೋಟದ ಮೇಲೆ ಬಿದ್ದ ಗಾಳಿ ಯಾವ ಲೆಕ್ಕಕ್ಕೂ ಸಿಗದೆ ಹೋಗಬಹುದು.

ಈಗ ಹೆಸರಿನ ವಿಷಯ. ಕೇಂದ್ರ ಸರ್ಕಾರದ ವಿಪತ್ತು ಪರಿಹಾರ ನಿಯಮದಲ್ಲಿ ಚಂಡಮಾರುತ, ಬರ, ಪ್ರವಾಹ, ಆಲಿಕಲ್ಲು ಮಳೆ, ಮೇಘಸ್ಫೋಟ, ಭೂಕಂಪ, ಕೀಟಬಾಧೆ ಮುಂತಾಗಿ 12 ವಿಪತ್ತುಗಳ ಹೆಸರಿತ್ತು. ಗುಡುಗು ಮಳೆಯ ಬಿರುಗಾಳಿ ಆ ಪಟ್ಟಿಯಲ್ಲಿ ಹೆಸರು ಪಡೆದಿರಲಿಲ್ಲ. ರಾಜ್ಯಗಳು ತಮ್ಮ ವಿಪತ್ತು ನಿಧಿಯ ಶೇಕಡ 10ರವರೆಗೆ ತಾವೇ ಗುರುತಿಸಿದ ಸ್ಥಳೀಯ ವಿಪತ್ತುಗಳಿಗೆ ಬಳಸಬಹುದೆಂಬ ಅವಕಾಶ ಮಾತ್ರ ಇತ್ತು. ಮೊತ್ತ ನೋಡಿದರೆ ಇನ್ನೂ ವಿಚಿತ್ರ. 2022-23ರಿಂದ 2025-26ರವರೆಗಿನ ನಿಯಮದಂತೆ ಬಹುವಾರ್ಷಿಕ ಬೆಳೆಗೆ ಹೆಕ್ಟೇರಿಗೆ 22,500 ರೂಪಾಯಿ; ಅದೂ ನಷ್ಟ ಶೇಕಡ 33 ದಾಟಿದ್ದರೆ, ಎರಡು ಹೆಕ್ಟೇರಿನ ಮಿತಿಗೆ. ಮೂವತ್ತು ಅಡಿ ಅಂತರದಲ್ಲಿ ಹೆಕ್ಟೇರಿಗೆ ಸುಮಾರು 120 ತೆಂಗು ಹಿಡಿಯುತ್ತವೆ. ತೋಟವೆಲ್ಲ ಹೋದರೂ ಮರಕ್ಕೆ 190 ರೂಪಾಯಿ ಮುಟ್ಟುವುದಿಲ್ಲ. ಐವತ್ತರಲ್ಲಿ ಹತ್ತು ಮರ ಬಿದ್ದವನ ನಷ್ಟ ಶೇಕಡ 20. ಅವನು ಲೆಕ್ಕಕ್ಕೇ ಬರುವುದಿಲ್ಲ. ಭತ್ತ, ರಾಗಿಗೆ ಒಪ್ಪುವ ಅಳತೆಯನ್ನು ಅರವತ್ತು ಎಂಬತ್ತು ವರ್ಷ ಬದುಕುವ ಮರಕ್ಕೆ ಹಿಡಿದದ್ದರ ಫಲ ಇದು.

ತೆಂಗು ಅಭಿವೃದ್ಧಿ ಮಂಡಳಿ 2009-10ರಲ್ಲಿ ಪ್ರಾಯೋಗಿಕವಾಗಿ ತಂದ ತೆಂಗಿನ ಮರ ವಿಮೆ ಯೋಜನೆ ಈ ವಿಷಯದಲ್ಲಿ ಉದಾರವಾಗಿತ್ತು. ಬಿರುಗಾಳಿ, ಚಂಡಮಾರುತ, ಟಾರ್ನೆಡೊ ಎಲ್ಲಕ್ಕೂ ಅದರಲ್ಲಿ ಜಾಗವಿತ್ತು. ಗಾಳಿಯ ಹೆಸರು ಹಿಡಿದು ಚರ್ಚಿಸುವ ಅಗತ್ಯವಿರಲಿಲ್ಲ. 16ರಿಂದ 60 ವರ್ಷದ ಮರಕ್ಕೆ ವರ್ಷಕ್ಕೆ 14 ರೂಪಾಯಿ ಕಂತು, ವಿಮೆಯ ಮೊತ್ತ 1,750 ರೂಪಾಯಿ. ಕಂತಿನ ಅರ್ಧವನ್ನು ಮಂಡಳಿ, ಕಾಲುಭಾಗವನ್ನು ರಾಜ್ಯ ಸರ್ಕಾರ ಭರಿಸಿದರೆ ಬೆಳೆಗಾರನ ಪಾಲು ಮೂರೂವರೆ ರೂಪಾಯಿ. ಮೊತ್ತ ಸಣ್ಣದೆನ್ನಬಹುದು, ಆದರೆ ಎಣಿಕೆ ಹೆಕ್ಟೇರಿನದಲ್ಲ, ಮರದ್ದು.

ತಿಪಟೂರು ಎತ್ತರದ ತಳಿಯ ಸಸಿ ನೆಟ್ಟರೆ ಹೊಂಬಾಳೆ ಕಾಣಲು ಆರೇಳು ವರ್ಷ ಬೇಕು. ಬಿದ್ದ ಮರದ ಎಳೆಗಾಯಿ ಅಟ್ಟಕ್ಕೆ ಹೋಗದು, ಕೊಬ್ಬರಿಯಾಗದು. ಬಲಿತ ಕಾಂಡವಾದರೆ ಸೀಳಿ ಕೊಟ್ಟಿಗೆಯ ತೊಲೆ, ಜಂತೆ ಮಾಡಿಕೊಳ್ಳುತ್ತಾರೆ, ಉಳಿದದ್ದು ಸೌದೆ. ಗಾಳಿ ಬಿದ್ದ ಮರುದಿನ ಗ್ರಾಮ ಆಡಳಿತಾಧಿಕಾರಿ, ತೋಟಗಾರಿಕೆ ಇಲಾಖೆಯವರು ಬಂದು ಮಹಜರು ಬರೆಯುತ್ತಾರೆ: ಸರ್ವೆ ನಂಬರು, ಖಾತೆದಾರರ ಹೆಸರು, ಬಿದ್ದ ಮರ ಇಷ್ಟು. ಮರ ಯಾವ ದಿಕ್ಕಿಗೆ ತಲೆ ಹಾಕಿ ಬಿದ್ದಿದೆ, ಬುಡ ಕಿತ್ತಿದೆಯೋ ನಡು ಮುರಿದಿದೆಯೋ ಎಂದು ಬರೆಯುವ ರೂಢಿಯಿಲ್ಲ. ಫುಜಿಟಾ ವಿಮಾನವೇರಿ ಹುಡುಕಿದ ಸಾಕ್ಷ್ಯ ತೋಟದಲ್ಲಿ ನಾಲ್ಕು ದಿನ ಹಾಗೇ ಬಿದ್ದಿರುತ್ತದೆ. ಐದನೆಯ ದಿನ ಗರಗಸದವರು ಬರುತ್ತಾರೆ.